ಸಾಮಾಜಿಕ ಉದ್ಯಮಗಳು ಮತ್ತು ಸರ್ಕಾರದ ನೆರವು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವೆಲ್ಲ ದಾನವನ್ನು ಬಲ್ಲೆವು, ವ್ಯಾಪಾರವನ್ನೂ ಬಲ್ಲೆವು. ವ್ಯಾಪಾರದಂತೆ ದುಡಿದು, ಬಂದ ಲಾಭವನ್ನು ಒಬ್ಬರ ಜೇಬಿಗೆ ಹಾಕದೆ ಬಡವರ ಕೆಲಸಕ್ಕೆ, ಊರಿನ ಅಗತ್ಯಕ್ಕೆ ಬಳಸುವ ಸಂಸ್ಥೆಯೇ ಸಾಮಾಜಿಕ ಉದ್ಯಮ. ಹಾಲಿನ ಸಹಕಾರ ಸಂಘ, ಮಹಿಳೆಯರ ಹೊಲಿಗೆ ಘಟಕ, ಚಿಂದಿ ಆಯುವವರು ನಡೆಸುವ ಒಣಕಸದ ಕೇಂದ್ರ ಇವೆಲ್ಲ ಈ ಜಾತಿಗೆ ಸೇರಿದವು. ಇಂಥ ಕೆಲಸಕ್ಕೆ ಸರ್ಕಾರ ಏನು ಕೊಡುತ್ತದೆ, ಅದನ್ನು ಪಡೆಯಲು ನಮ್ಮಲ್ಲಿ ಏನಿರಬೇಕು ಎಂಬುದನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ.

ಸರ್ಕಾರದ ನೆರವು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಬ್ಸಿಡಿ. ಆದರೆ ನಮ್ಮ ನಾಡಿನ ಅನುಭವ ಬೇರೆಯದನ್ನೇ ಹೇಳುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯ ಬೆಂಬಲದಿಂದ ಬಡವರ ಸಣ್ಣ ಸಣ್ಣ ಗುಂಪುಗಳು ಹುಟ್ಟಿಕೊಂಡವು. ತಾವೇ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಗುಂಪುಗಳವು. 1987ರಲ್ಲಿ ನಬಾರ್ಡ್ ಈ ಕೆಲಸಕ್ಕೆ 10 ಲಕ್ಷ ರೂಪಾಯಿ ಅನುದಾನ ನೀಡಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. 2000-01ರಲ್ಲಿ ನಮ್ಮ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಇಂದು ಸ್ವಸಹಾಯ ಸಂಘವಿಲ್ಲದ ಹಳ್ಳಿ ಸಿಗುವುದು ಕಷ್ಟ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. 10 ಲಕ್ಷ ದೊಡ್ಡ ಮೊತ್ತವಲ್ಲ. ನೋಂದಣಿಯಾಗದ ಗುಂಪೂ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು, ಆಸ್ತಿ ಅಡವಿಡದೆ ಸಾಲ ಪಡೆಯಬಹುದು ಎಂಬ ಅವಕಾಶವೇ ನಿಜವಾದ ದೊಡ್ಡ ನೆರವಾಯಿತು. ಆ ಅವಕಾಶವನ್ನು ಬಳಸಿಕೊಂಡವರು ಯಾರು? ವಾರವಾರ ಸಭೆ ಸೇರಿ, ಉಳಿತಾಯವನ್ನು ಪುಸ್ತಕದಲ್ಲಿ ಬರೆದಿಟ್ಟವರು. ಬ್ಯಾಂಕಿನ ವ್ಯವಸ್ಥಾಪಕರು ನೋಡಿದ್ದು ಆ ಪುಸ್ತಕವನ್ನು.

ಇನ್ನೊಂದು ಉದಾಹರಣೆ ಬೆಂಗಳೂರಿನದು. 2011ರಿಂದ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ನೀಡತೊಡಗಿತು. ಬೀದಿಯಲ್ಲಿ ಕಳ್ಳರೆಂದು ಸಂಶಯಕ್ಕೆ ಗುರಿಯಾಗುತ್ತಿದ್ದವರು ನಗರದ ಕೆಲಸಗಾರರೆಂದು ಮಾನ್ಯರಾದರು. ಅವರೊಂದಿಗೆ ದುಡಿಯುವ ಹಸಿರು ದಳ ಎಂಬ ಸಂಸ್ಥೆಯ ನೆರವಿನಿಂದ ಅವರಲ್ಲಿ ಹಲವರು ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರಗಳನ್ನು ತಾವೇ ನಡೆಸುವಂತಾದರು. ಸರ್ಕಾರ ಇಲ್ಲಿ ಒದಗಿಸಿದ್ದು ಗುರುತು, ಜಾಗ ಮತ್ತು ಕೆಲಸ. ಹಾಗೆಯೇ 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದಾಗ ಶಾಲಾ ಮಕ್ಕಳಿಗೆ ಹಾಲು ದೊರೆಯಿತು, ಸಹಕಾರ ಸಂಘಗಳ ಹಾಲಿಗೆ ಖಾತ್ರಿಯ ಗಿರಾಕಿ ದೊರೆಯಿತು. ಸರ್ಕಾರವೇ ಗಿರಾಕಿಯಾಗುವುದು ಅನುದಾನಕ್ಕಿಂತ ಕಡಿಮೆಯ ನೆರವೇನಲ್ಲ.

ಇನ್ನು ಸಬ್ಸಿಡಿಯ ವಿಷಯ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನಾ ಕಾರ್ಯಕ್ರಮದಲ್ಲಿ ಮಹಿಳೆಯರನ್ನೂ ಅಲ್ಪಸಂಖ್ಯಾತರನ್ನೂ ವಿಶೇಷ ವರ್ಗಕ್ಕೆ ಸೇರಿಸಲಾಯಿತು. ಅವರಿಗೆ ಯೋಜನಾ ವೆಚ್ಚದಲ್ಲಿ ಪಟ್ಟಣದಲ್ಲಾದರೆ ಶೇ. 25, ಹಳ್ಳಿಯಲ್ಲಾದರೆ ಶೇ. 35 ಸಹಾಯಧನ, ಸ್ವಂತ ಪಾಲು ಶೇ. 5 ಎಂದು ನಿಗದಿ ಮಾಡಲಾಯಿತು. ಆದರೆ ಆ ಸಹಾಯಧನವನ್ನು ಫಲಾನುಭವಿಯ ಕೈಗೆ ಕೊಡುವ ಪದ್ಧತಿ ಇಡಲಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿಟ್ಟು, ಘಟಕ ನಡೆಯುತ್ತಿದೆ ಎಂದು ಕಂಡ ಮೇಲೆ ಸಾಲಕ್ಕೆ ಜಮಾ ಮಾಡುವ ನಿಯಮವಿತ್ತು. ಸಬ್ಸಿಡಿಗಾಗಿಯೇ ಯಂತ್ರ ತಂದು ಬಾಗಿಲು ಮುಚ್ಚಿದವನ ತಲೆಯ ಮೇಲೆ ಪೂರ್ತಿ ಸಾಲ ಉಳಿಯುತ್ತದೆ. "ಸಬ್ಸಿಡಿ ಕೊಡಿಸುತ್ತೇನೆ" ಎಂದು ಮನೆಬಾಗಿಲಿಗೆ ಬರುವ ದಲ್ಲಾಳಿಗಳು ಈ ಮಾತನ್ನು ಹೇಳುವುದಿಲ್ಲ. ತಾಯಂದಿರೇ, ಓದದ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ನಮ್ಮ ಮನೆಗಳಲ್ಲಿ ಬಡ್ಡಿಯ ಸಾಲದ ಬಗ್ಗೆ ಹಿಂಜರಿಕೆ ಇದೆ. ಬೇರೆ ಕಾರಣಗಳೂ ಸೇರಿ ಬ್ಯಾಂಕಿನ ಸಾಲದಲ್ಲಿ ನಮ್ಮವರ ಪಾಲು ಜನಸಂಖ್ಯೆಗೆ ಹೋಲಿಸಿದರೆ ಕಡಿಮೆ ಎಂದು 2006ರ ಸಾಚಾರ್ ಸಮಿತಿ ವರದಿ ತೋರಿಸಿತು. ಹಿಂಜರಿಯುವವರಿಗೆ ಬೇರೆ ದಾರಿಗಳೂ ಇವೆ. ಅನುದಾನವಿದೆ, ಖರೀದಿ ಆದೇಶವಿದೆ, ಸಹಕಾರ ಸಂಘದ ಷೇರು ಬಂಡವಾಳವಿದೆ. ಸೆಬಿ 2022ರಲ್ಲಿ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜಿಗೆ ನಿಯಮ ರೂಪಿಸಿತು. ಅಲ್ಲಿ ಲಾಭರಹಿತ ಸಂಸ್ಥೆಗೆ ಹಣ ಕೊಟ್ಟವರಿಗೆ ಬಡ್ಡಿಯೂ ಇಲ್ಲ, ಅಸಲೂ ಮರಳುವುದಿಲ್ಲ; ಹಣದಿಂದ ಏನು ಕೆಲಸವಾಯಿತು ಎಂಬ ವರದಿಯನ್ನು ಮಾತ್ರ ಸಂಸ್ಥೆ ಒಪ್ಪಿಸಬೇಕು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ ಹೀಗೆ 1.8 ಕೋಟಿ ರೂಪಾಯಿ ಸಂಗ್ರಹಿಸಿ ಮೊದಲನೆಯದಾಯಿತು. ಗಮನಿಸಿ, ಈ ಯಾವ ದಾರಿಯಲ್ಲಿ ಹೋದರೂ ಕೇಳುವುದು ಒಂದೇ: ಲೆಕ್ಕ ಎಲ್ಲಿ?

ಕಷ್ಟಗಳಿಲ್ಲವೆಂದಲ್ಲ. ಬಿಲ್ಲು ಮಂಜೂರಾಗಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಸರ್ಕಾರ ಬದಲಾದರೆ ಯೋಜನೆಯ ಹೆಸರೂ ಅನುದಾನವೂ ಬದಲಾಗುವುದುಂಟು. ಸರ್ಕಾರದ ಹಣವೊಂದನ್ನೇ ನೆಚ್ಚಿಕೊಂಡ ಘಟಕ ಅಂಥ ದಿನಗಳಲ್ಲಿ ಉಳಿಯುವುದಿಲ್ಲ, ಅಲ್ಲಿ ದುಡಿಯುವ ಹತ್ತು ಮನೆಗಳ ಒಲೆ ಹೊತ್ತುವುದಿಲ್ಲ. ಆದ್ದರಿಂದ ನೆರವು ಕೇಳುವ ಮೊದಲು ಗಿರಾಕಿ ಯಾರು ಎಂದು ಕೇಳಿಕೊಳ್ಳಬೇಕು. ಹತ್ತು ಮಹಿಳೆಯರು ಹೊಲಿಗೆ ಯಂತ್ರ ತಂದರು ಎನ್ನೋಣ. ಜೂನ್‌ನಲ್ಲಿ ಸಮವಸ್ತ್ರದ ಕೆಲಸ ಇರುತ್ತದೆ. ಅಕ್ಟೋಬರಿನಲ್ಲಿ ಏನು ಹೊಲಿಯುತ್ತಾರೆ? ಒಂದು ಅಂಗಿಗೆ ಬಟ್ಟೆ, ದಾರ, ಗುಂಡಿ, ಕೂಲಿ, ಕರೆಂಟು ಸೇರಿ ಎಷ್ಟಾಯಿತು? ಇಷ್ಟಕ್ಕೆ ಉತ್ತರವಿದ್ದರೆ ಅರ್ಜಿ ಬರೆಯುವುದು ಸುಲಭ.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಪಾತ್ರ ದೊಡ್ಡದು. ವಾಣಿಜ್ಯ ಓದುತ್ತಿರುವವರು ತಮ್ಮ ಬೀದಿಯ ಒಂದು ಗುಂಪಿಗೆ ಜಮಾ-ಖರ್ಚಿನ ಪುಸ್ತಕ ಬರೆಯಲು ಕಲಿಸಿ. ಕಂಪ್ಯೂಟರ್ ಬಲ್ಲವರು ಅರ್ಜಿ ತುಂಬಿಕೊಡಿ, ಅದಕ್ಕೆ ಹಣ ಕೇಳಬೇಡಿ. ಕಾನೂನು ಓದುವವರು ಸೊಸೈಟಿ, ಟ್ರಸ್ಟ್, ಸಹಕಾರ ಸಂಘ, ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿ ಇವುಗಳಲ್ಲಿ ಯಾವುದು ಯಾರಿಗೆ ಸರಿ ಎಂದು ತಿಳಿಸಿಕೊಡಿ. ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಶಾಲೆ, ಹಾಸ್ಟೆಲುಗಳ ಸಮವಸ್ತ್ರ, ಚಾದರ, ತಿಂಡಿ ತಿನಿಸುಗಳ ಆದೇಶದಲ್ಲಿ ಒಂದು ಪಾಲು ಇಂಥ ಗುಂಪುಗಳಿಗೆ ಹೋಗಲಿ, ಹಣ ಸಕಾಲದಲ್ಲಿ ಸಂದಾಯವಾಗಲಿ. ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಕೇಳಲು ಹೋಗುವಾಗ ಕೈಯಲ್ಲಿ ಬರೀ ಮನವಿಪತ್ರವಿದ್ದರೆ ಸಾಲದು, ಮೂರು ವರ್ಷದ ಲೆಕ್ಕದ ಪುಸ್ತಕವೂ ಇರಲಿ.