ಮೊದಲು ಲೆಕ್ಕ, ಆಮೇಲೆ ತೀರ್ಮಾನ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ ಕೊಡುವ ಮುಂಚೆ ನಮ್ಮ ಸಂಘದಲ್ಲಿ ಪಹಣಿ ನೋಡ್ತೇವೆ. ಊರಿಗೆ ಇಂಧನ ಯೋಜನೆ ತರುವಾಗ ಮಾತ್ರ ಏನನ್ನೂ ನೋಡೋದಿಲ್ಲ. ಇದು ಸರಿಯೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಕೇಂದ್ರ ಕಟ್ಟಿದರು. ಆ ಕೇಂದ್ರದವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಲೆಕ್ಕ ತೆಗೆದರು. ಹಳ್ಳಿಯಲ್ಲಿ ಬಳಕೆಯಾಗುವ ಇಂಧನದಲ್ಲಿ ಸೌದೆಯದೇ ಸಿಂಹಪಾಲು. ಅದರಲ್ಲಿ ಹೆಚ್ಚಿನದು ಉರಿಯೋದು ಅಡುಗೆ ಒಲೆಯಲ್ಲಿ. ಅದನ್ನು ಹೊತ್ತು ತರುವವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು ಎಂಬುದು ಗೊತ್ತಾಯಿತು. ಕಡಿಮೆ ಸೌದೆ ಬೇಡುವ, ಹೊಗೆ ಕೊಳವೆಯ 'ಅಸ್ತ್ರ ಒಲೆ'ಯನ್ನೂ ಅದೇ ಕೇಂದ್ರದವರು ರೂಪಿಸಿದರು.

ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲ ಉದ್ದೇಶ ಅಡುಗೆ ಅನಿಲ. ಆದರೆ ಊರಿನ ಸಗಣಿಯಿಂದ ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಅನಿಲ ಸಿಗಲಿಲ್ಲ. ಜನಕ್ಕೆ ತುರ್ತಾಗಿ ಬೇಕಾಗಿದ್ದುದು ಕುಡಿಯುವ ನೀರು. ಹಾಗಾಗಿ 1987ರಿಂದ ಅದೇ ಅನಿಲಕ್ಕೆ ಒಂದಿಷ್ಟು ಡೀಸೆಲ್ ಸೇರಿಸಿ ಎಂಜಿನ್ ಓಡಿಸಿದರು. ಮನೆಗಳಿಗೆ ನೀರು, ದೀಪ ಬಂತು. ಸಗಣಿ ಕೊಟ್ಟವರಿಗೆ ಗೊಬ್ಬರವೂ ವಾಪಸ್ಸು ಸಿಕ್ಕಿತು.

ಅಳತೆ, ಜನರ ಮಾತು ಎರಡೂ ಸೇರಿದಾಗಲೇ ಯೋಜನೆ ನಿಲ್ಲುತ್ತೆ. ನಾಳೆ ಸೋಲಾರ್ ಪಂಪಿಗೋ ಇನ್ನೊಂದಕ್ಕೋ ನಾವು ಸಹಿ ಹಾಕುವ ಮುಂಚೆ, ಮೋಟಾರು ಎಷ್ಟು ಗಂಟೆ ಓಡುತ್ತೆ, ಎಷ್ಟು ಹೊರೆ ಸೌದೆ ಉರಿಯುತ್ತೆ, ಯಾರು ಹೊರ್ತಾರೆ ಅಂತ ಒಂದು ವರ್ಷ ಬರೆದಿಡೋಣ. ಆ ಲೆಕ್ಕ ಬರೆಯುವಾಗ ತಾಯಂದಿರನ್ನೇ ಮೊದಲು ಕೇಳೋಣ.