ಲೆಕ್ಕ ಕೇಳುತ್ತಲೇ ಬಂದ ಬಳ್ಳಾರಿ ಸೀಮೆ



ಸಿರುಗುಪ್ಪದ ಭತ್ತದ ರೈತ ಮಳೆ ಎಷ್ಟಾಯಿತೆಂದು ಕೇಳುವ ಜತೆಗೇ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ‘ಐಸಿಸಿ ಮೀಟಿಂಗ್ ಯಾವಾಗ?’ ತುಂಗಭದ್ರೆಯ ನೀರಾವರಿ ಸಲಹಾ ಸಮಿತಿಯ ಆ ಸಭೆಯಲ್ಲಿ ಕಾಲುವೆಗೆ ನೀರು ಯಾವತ್ತಿನಿಂದ ಯಾವತ್ತಿನವರೆಗೆ ಎಂಬುದು ನಿಶ್ಚಯವಾಗುತ್ತದೆ. ಸಸಿ ಮಡಿ, ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರದಂಗಡಿಯ ಸಾಲ ಎಲ್ಲವೂ ಆ ದಿನಾಂಕವನ್ನೇ ನಂಬಿವೆ. ದಿನಾಂಕವೇನೋ ಊರಿಗೆ ತಲುಪುತ್ತದೆ. ಅದರ ಹಿಂದಿನ ಲೆಕ್ಕ ಮಾತ್ರ ತಲುಪುವುದಿಲ್ಲ. ನಮ್ಮ ಬದುಕಿನ ತೀರ್ಮಾನ ಇನ್ನೆಲ್ಲೋ ಆಗುತ್ತದೆ, ಉತ್ತರ ಕೊಡುವವರು ಯಾರೂ ಇಲ್ಲ ಎಂಬ ಈ ಬೇಗುದಿ ಬಳ್ಳಾರಿ ಸೀಮೆಗೆ ಹಳೆಯದು. ಅದರ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿನವರನ್ನು ಯಾರೂ ಕೇಳಲಿಲ್ಲ. ಅದು ಆ ಕಾಲದ ರೀತಿ ಎನ್ನಬಹುದು. ಆದರೆ 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ನಡೆದದ್ದನ್ನು ಹಾಗೆ ತೇಲಿಸಿಬಿಡಲಾಗದು. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ವೈಸರಾಯ್ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಖರ್ಚು ಉಳಿಸಲೆಂದು, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಕಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ನಮ್ಮ ಅರ್ಧ ಕಿಲೋಗಿಂತ ಕಡಿಮೆ. ಮಣ್ಣು ಹೊರುವ ಮೈಗೆ ಇದು ಸಾಲದು ಎಂದು ವಾದಿಸಿದವರು ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್. ಸರ್ಕಾರದೊಳಗೇ ಇದ್ದು ಸರ್ಕಾರದ ಲೆಕ್ಕ ತಪ್ಪೆಂದು ಬರೆದ ಅವರ ಮಾತಿಗೆ ಕೆಲವು ತಿಂಗಳ ನಂತರ ಬೆಲೆ ಬಂತು, ಕೂಲಿ ಏರಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು. ಈ ದುರಂತದ ನಂತರ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಬರದಲ್ಲಿ ಜೀವ ಉಳಿಸುವುದು ಸರ್ಕಾರದ ಹೊಣೆ ಎಂಬುದು ಆಮೇಲೆ ಕ್ಷಾಮ ಸಂಹಿತೆಯ ರೂಪದಲ್ಲಿ ಕಾಗದಕ್ಕಿಳಿಯಿತು.

ಬರಕ್ಕೆ ಮದ್ದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಈ ಸೀಮೆಗೆ ನೀರು ತರಬೇಕೆಂಬ ಯೋಚನೆಯನ್ನು ಎಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದರು. ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು, ನೀರು ಹರಿದದ್ದು 1953ರಲ್ಲಿ. ಮದ್ರಾಸ್, ಹೈದರಾಬಾದ್, ಮೈಸೂರುಗಳ ನೀರಿನ ತಕರಾರಿನಲ್ಲಿ ಮೂರು ತಲೆಮಾರು ಕಳೆದುಹೋದವು. ಯಾರೂ ಅದಕ್ಕೆ ಹೊಣೆ ಹೊರಲಿಲ್ಲ.

ಅದೇ 1953ರಲ್ಲಿ ಇನ್ನೊಂದು ದೊಡ್ಡ ತೀರ್ಮಾನವಾಯಿತು. ಆಂಧ್ರ ರಾಜ್ಯ ಹುಟ್ಟುವಾಗ ಬಳ್ಳಾರಿ ಯಾರಿಗೆ? ಕೇಂದ್ರ ಸರ್ಕಾರ ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಗೆ ಒಪ್ಪಿಸಿತು. ಅವರು ಜನರ ಅಹವಾಲು ಕೇಳಿ, ಬಳ್ಳಾರಿ ಮೈಸೂರಿಗೆ ಸೇರಲಿ ಎಂದು ಶಿಫಾರಸು ಮಾಡಿದರು. ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದವು ಕನ್ನಡ ನಾಡಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ವಿಲೀನೋತ್ಸವದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದದ್ದನ್ನು ಈ ಊರು ಮರೆತಿಲ್ಲ. ಮಿಶ್ರಾ ಅವರ ವಿಚಾರಣೆ ಎಲ್ಲರಿಗೂ ಸಮಾಧಾನ ತರಲಿಲ್ಲ, ನಿಜ. ಆದರೂ ಕೇಳಿಸಿಕೊಂಡು ತೀರ್ಮಾನಿಸುವುದು ಸಾಧ್ಯ ಎಂಬುದಕ್ಕೆ ನಮ್ಮ ಚರಿತ್ರೆಯಲ್ಲಿ ಒಂದು ದಾಖಲೆ ಉಳಿಯಿತು. ಮುಂದೆ 2020ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಲು ಸಂಪುಟ ಒಪ್ಪಿದಾಗ ಬಳ್ಳಾರಿ ಬಂದ್ ನಡೆಯಿತು. ಆಕ್ಷೇಪಣೆಗೆ ಒಂದು ತಿಂಗಳ ಅವಕಾಶವಿತ್ತು. ಬೇಡ ಎಂದವರಿಗೂ ಅವರ ಕಾರಣಗಳಿಗೆ ಎದುರು ಕಾರಣ ಸಿಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಇನ್ನು ಗಣಿ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿ ಅದಿರಿನ ಬೆಲೆ ಗಗನಕ್ಕೇರಿತು. ಲಾರಿಗಳ ಸಾಲು ಹಗಲು ರಾತ್ರಿ ಹರಿಯಿತು. ದಾರಿಬದಿಯ ಹೊಲಗಳ ಹತ್ತಿ, ಮೆಣಸಿನಕಾಯಿಯ ಮೇಲೆ ಕೆಂಧೂಳು ಕೂತಿತು. ಪರ್ಮಿಟ್ ಎಷ್ಟು, ಹೊತ್ತೊಯ್ದದ್ದೆಷ್ಟು, ರಾಜಧನ ಕಟ್ಟಿದ್ದೆಷ್ಟು ಎಂದು ಕೇಳುವ ದನಿಗಳು ಎದ್ದವು. 2007ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತನಿಖೆಯನ್ನು ಲೋಕಾಯುಕ್ತಕ್ಕೆ ವಹಿಸಿತು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ ಕೊಟ್ಟರು. 2011ರ ಜುಲೈ 27ರ ಎರಡನೇ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಕಲೆಹಾಕಿದ ದಾಖಲೆಗಳೇ ಅದರ ಬೆನ್ನೆಲುಬು. ಅತ್ತ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. 2011ರ ಜುಲೈ 29ರಂದು ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಎರಡು ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಗಣಿ ನಿಂತಾಗ ತಪ್ಪು ಮಾಡದ ಲಾರಿ ಚಾಲಕ, ಕ್ಲೀನರ್, ಗಣಿ ಕೂಲಿ ಬೀದಿಗೆ ಬಿದ್ದರು ಎಂಬುದನ್ನೂ ಹೇಳಲೇಬೇಕು. ಮೊದಲೇ ಲೆಕ್ಕ ನೋಡಿದ್ದರೆ ಈ ಪೆಟ್ಟು ಅವರಿಗೆ ಬೀಳುತ್ತಿರಲಿಲ್ಲ. ಅದಿರಿನ ಹರಾಜಿನಿಂದ ಬಂದ ಹಣ ಗಣಿಬಾಧಿತ ಊರುಗಳ ಪುನಶ್ಚೇತನಕ್ಕೆಂದು ಮೀಸಲಾಯಿತು. ಸಾವಿರಾರು ಕೋಟಿಯ ಆ ನಿಧಿಯನ್ನು ಬಳಸಲು ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಗಣಿ ನಿಂತ ವರ್ಷ ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಹೈಸ್ಕೂಲು ಮುಗಿಸಿತ್ತು. ಈ ನಡುವೆ 2016ರಲ್ಲಿ ಲೋಕಾಯುಕ್ತದಿಂದ ಭ್ರಷ್ಟಾಚಾರ ತನಿಖೆಯ ಬಲವನ್ನು ಕಿತ್ತು ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಅಂದರೆ ಎಸಿಬಿಗೆ, ಕೊಡಲಾಯಿತು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಆ ಬಲವನ್ನು ಮರಳಿಸಿತು.

ಕುಡತಿನಿಯ ರೈತರ ಕಥೆಯೂ ಈ ಸಾಲಿನದೇ. ಉಕ್ಕಿನ ಕಾರ್ಖಾನೆ ಬರುತ್ತದೆ, ಮನೆಗೊಂದು ಕೆಲಸ ಸಿಗುತ್ತದೆ ಎಂಬ ಭರವಸೆಯ ಮೇಲೆ 2010ರ ಆಸುಪಾಸಿನಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸುತ್ತಲಿನ ಹಳ್ಳಿಗಳ ಸಾವಿರಾರು ಎಕರೆ ಜಮೀನು ಸ್ವಾಧೀನ ಮಾಡಿತು. ಕಾರ್ಖಾನೆಗಳು ಏಳಲಿಲ್ಲ. 2022ರ ಡಿಸೆಂಬರ್‌ನಲ್ಲಿ ಧರಣಿಗೆ ಕೂತ ಭೂಸಂತ್ರಸ್ತರು ವರ್ಷಗಟ್ಟಲೆ ಅಲ್ಲಿಂದ ಏಳಲಿಲ್ಲ.

ಮತ್ತೆ ಅಣೆಕಟ್ಟಿಗೆ ಬರೋಣ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್, ಇಳಿಸಿದ ಕೆಲಸಗಾರರಿಗೆ ಈ ಸೀಮೆ ಋಣಿ. ಆದರೆ ಗೇಟುಗಳಿಗೆ ಎಪ್ಪತ್ತು ವರ್ಷ ದಾಟಿದೆ ಎಂಬುದು ಆ ರಾತ್ರಿ ತಿಳಿದ ಸುದ್ದಿಯಲ್ಲ. 2025ರ ಕೊನೆಗೆ, ಗೇಟುಗಳನ್ನೆಲ್ಲ ಬದಲಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಹೊರಬಿತ್ತು. ಗೇಟು ಬದಲಿಸಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಿರುಗುಪ್ಪದಲ್ಲಿ ಗುತ್ತಿಗೆ ಹಿಡಿದು ಭತ್ತ ನಾಟಿ ಮಾಡುವವನಿಗೆ, ಕುರುಗೋಡಿನಲ್ಲಿ ನಾಟಿ ಕೂಲಿಗೆ ಹೋಗುವ ಹೆಂಗಸಿಗೆ ಆ ಬೆಳೆಯ ಬದಲು ಏನು ಎಂಬುದೂ ಆ ತೀರ್ಮಾನದ ಜತೆಗೇ ನಿಶ್ಚಯವಾಗಬೇಕಾದ ಮಾತು.

ಕೇಳುಗರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಐಸಿಸಿ ಸಭೆಯ ನಡಾವಳಿ ಕೇಳಿ. ನಿಮ್ಮ ಕಾಲುವೆಯ ಕೊನೆ ಭಾಗಕ್ಕೆ ಎಷ್ಟು ಕ್ಯೂಸೆಕ್ ಬಂತು ಎಂದು ಕೇಳಿ. ಗಣಿ ನಿಧಿಯಿಂದ ನಿಮ್ಮ ಪಂಚಾಯಿತಿಗೆ ಮಂಜೂರಾದ ಕಾಮಗಾರಿಯ ಪಟ್ಟಿ ಕೇಳಿ. ಬಂದ ಉತ್ತರವನ್ನು ಮುಂದಿನ ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿ.