ಐದು ಬಣ್ಣದ ಹೊಳೆಗೆ ಭಯದ ಕಾವಲು

ಕೊಲಂಬಿಯಾ ಎಂದೊಡನೆ ಕೊಕೇನ್, ಪಾಬ್ಲೋ ಎಸ್ಕೊಬಾರ್, ಅಪಹರಣ ಇವೇ ನೆನಪಾಗುತ್ತವೆ. ಕಾಫಿಪ್ರಿಯರಿಗೆ ಕಾಫಿಯೂ ನೆನಪಾದೀತು! ಆ ಭಯ ಕಟ್ಟುಕಥೆಯಲ್ಲ. 1991ರಲ್ಲಿ ಮೆಡೆಯಿನ್ ನಗರದಲ್ಲಿ ಲಕ್ಷ ಜನಕ್ಕೆ ಸುಮಾರು 380 ಕೊಲೆಗಳು ನಡೆದವು.

ಅದೇ ದೇಶದ ಮಕರೇನಾ ಬೆಟ್ಟಸಾಲಿನಲ್ಲಿ ಕಾನ್ಯೊ ಕ್ರಿಸ್ತಾಲೆಸ್ ಎಂಬ ಹೊಳೆ ಹರಿಯುತ್ತದೆ. ಅದರ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಜಲಸಸ್ಯವೊಂದಿದೆ. ನೀರು ಉಕ್ಕಿದರೆ ಅದಕ್ಕೆ ಬಿಸಿಲು ತಾಗದು. ಇಳಿದರೆ ಅದು ಒಣಗುತ್ತದೆ. ಎರಡರ ನಡುವೆ, ಸುಮಾರಾಗಿ ಜೂನ್‌ನಿಂದ ನವೆಂಬರ್‌ವರೆಗೆ, ಅದು ಕಡುಗೆಂಪಾಗುತ್ತದೆ. ಹಳದಿ ಮರಳು, ಹಸಿರು ಪಾಚಿ, ಕಪ್ಪು ಬಂಡೆ, ನೀಲಿ ನೀರು ಸೇರಿ ಅದು 'ಐದು ಬಣ್ಣಗಳ ನದಿ' ಎನಿಸಿಕೊಂಡಿದೆ.

ಇದನ್ನು ನೋಡುವ ಭಾಗ್ಯ ಬಹುಕಾಲ ಹೊರಗಿನವರಿಗೆ ಇರಲಿಲ್ಲ. ಆ ಸೀಮೆ 'ಫಾರ್ಕ್' ಗೆರಿಲ್ಲಾಗಳ ನೆಲೆಯಾಗಿತ್ತು. 1998ರಲ್ಲಿ ಅಧ್ಯಕ್ಷ ಪಸ್ತ್ರಾನಾ ಶಾಂತಿ ಮಾತುಕತೆಗಾಗಿ 42,000 ಚದರ ಕಿಲೋಮೀಟರ್ ಪ್ರದೇಶದಿಂದ, ಅಂದರೆ ನಮ್ಮ ಕೇರಳಕ್ಕಿಂತ ದೊಡ್ಡ ಪ್ರದೇಶದಿಂದ, ಸೈನ್ಯವನ್ನೇ ಹಿಂತೆಗೆದರು. ಲಾ ಮಕರೇನಾ ಊರೂ ಅದರೊಳಗಿತ್ತು. 2002ರಲ್ಲಿ ಮಾತುಕತೆ ಮುರಿದುಬಿತ್ತು. ಒಪ್ಪಂದಕ್ಕೆ 2016ರವರೆಗೆ ಕಾಯಬೇಕಾಯಿತು.

ವಿಚಿತ್ರವೆಂದರೆ, ಕಾಡನ್ನು ಒಂದು ಮಟ್ಟಿಗೆ ಕಾದದ್ದು ಆ ಭಯವೇ. ವಿಮಾನಗಳ ಕಣ್ಣಿಗೆ ಬೀಳದಿರಲು ಗೆರಿಲ್ಲಾಗಳಿಗೆ ಮರಗಳ ಮರೆ ಬೇಕಿತ್ತು. ಅವರು ಬಂದೂಕು ಕೆಳಗಿಟ್ಟದ್ದೇ ತಡ, ಕೊಡಲಿ ಬೆಂಕಿಗಳು ಒಳನುಗ್ಗಿದವು. 2017ರಲ್ಲಿ ದೇಶ ಸುಮಾರು 2.2 ಲಕ್ಷ ಹೆಕ್ಟೇರ್ ಕಾಡು ಕಳೆದುಕೊಂಡಿತು. ಪ್ರವಾಸಿಗರು ಬಾರದೇ ಹೋದರೆ ಈ ಊರಿನವರಿಗೆ ಉಳಿಯುವುದು ದನದ ಹುಲ್ಲುಗಾವಲು, ಇಲ್ಲವೇ ಕೋಕಾ ಗಿಡ.

ಹಾಗಾದರೆ ಹೋಗಬಹುದೇ? ಇಡೀ ದೇಶಕ್ಕೆ ಒಂದೇ ಉತ್ತರ ಹೇಳುವುದು ತಪ್ಪು. 2025ರ ಜನವರಿಯಲ್ಲಿ ವೆನೆಜುವೆಲಾ ಗಡಿಯ ಕಾತಾತುಂಬೊದಲ್ಲಿ ಸಶಸ್ತ್ರ ಗುಂಪುಗಳು ಕಾದಾಡಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಒಪ್ಪಂದ ಒಪ್ಪದ ಗುಂಪುಗಳು ಮೆಟಾ ಪ್ರಾಂತದಲ್ಲೂ ಇವೆ. ಆದ್ದರಿಂದ ದೇಶದ ಹೆಸರು ನೋಡಿ ಅಲ್ಲ, ಜಿಲ್ಲೆ ಜಿಲ್ಲೆಯ ಸುದ್ದಿ ಕೇಳಿ ಹೊರಡಬೇಕು.

ಅಲ್ಲಿನವರ ಮಾತೊಂದಿದೆ: 'ಪರಂಗಿ ಹಣ್ಣು ಕೊಡಬೇಡ'. ಕಳ್ಳನಿಗೆ ಆಸೆ ಹುಟ್ಟಿಸಬೇಡ ಎಂದರ್ಥ. ಪೇಟೆಯಲ್ಲಿ ಕೈಯಲ್ಲಿ ಫೋನ್ ಆಡಿಸುತ್ತ ನಡೆಯುವುದೂ ಪರಂಗಿ ಹಣ್ಣೇ. ಹೊಳೆಯ ನಿಯಮಗಳು ಬೇರೆ. ಲಾ ಮಕರೇನಾಕ್ಕೆ ಸಣ್ಣ ವಿಮಾನ, ಗ್ವಾಯಾಬೆರೊ ನದಿಯಲ್ಲಿ ದೋಣಿ, ಆಮೇಲೆ ಊರಿನ ಮಾರ್ಗದರ್ಶಿಯ ಜೊತೆ ನಡಿಗೆ. ಮೈಗೆ ಸೊಳ್ಳೆಯೆಣ್ಣೆ, ಬಿಸಿಲಿನ ಕ್ರೀಮು ಹಚ್ಚಿಕೊಂಡವರಿಗೆ ನೀರಿಗಿಳಿಯಲು ಅಪ್ಪಣೆಯಿಲ್ಲ. ಆ ಕೆಂಪು ಗಿಡ ಅದನ್ನು ತಾಳದು.